ಬಲಗಾಲಿನ ಶೂಗೆ ಹಾಕಿದ ಪ್ಯಾಚು

ಜನವರಿ 11

ಅಪ್ಪ,

ನಿನ್ನ ಕಾಗದ ಬಂತು. ಮೇಲಿನ ವಿಳಾಸನೇ ಯಾರಿಗೂ ಓದೋಕಾಗ್ಲಿಲ್ಲ. ಪೋಸ್ಟ್‌ಮ್ಯಾನ್ ಬೀದಿ ಪೂರ್ತಿ ಸುತ್ತಿ, ಕೊನೆಗೆ ‘ಟೈರ್’ ಅನ್ನೋದೊಂದನ್ನ ಗುರುತು ಹಿಡಿದು ನಮ್ಮ ಅಂಗಡಿಗೆ ತಂದುಕೊಟ್ಟ. ಓನರಮ್ಮ ಕನ್ನಡಕ ಹಾಕ್ಕೊಂಡು ನೋಡಿದ್ರು, ತೆಗೆದು ನೋಡಿದ್ರು. "ಲೇ ಹುಡುಗಿ, ನಿಮ್ಮಪ್ಪ ಕಾಗದ ಬರೆದಿದಾರೋ, ಇಲ್ಲ ಇರುವೆ ಹಿಡಿದು ಸಾಲಾಗಿ ಅಂಟಿಸಿದಾರೋ?" ಅಂದ್ರು. ಇಡೀ ಅಂಗಡಿ ನಕ್ತು.

ನಾನು ನಗ್ಲಿಲ್ಲ. ನಂಗೆ ಅರ್ಥ ಆಯ್ತು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇವಳಿಗೆ ಇನ್ನೂ ಓದೋಕೆ ಬರುತ್ತಾ ನೋಡೋಣ ಅಂತ ತಾನೇ? ಬರುತ್ತೆ. ಟೈರ್ ಮೇಲಿನ ನಂಬರ್ ಓದಿ ಓದಿ ನನ್ನ ಕಣ್ಣು ಚೆನ್ನಾಗೇ ಇದೆ. ಮುಕ್ಕಾಲು ಗಂಟೆ ಕೂತು ಪೂರ್ತಿ ಓದಿದೆ. ಮೊದಲ ಸಾಲು ಸಾಸಿವೆ ಕಾಳಿನಷ್ಟಿದೆ, ಕೊನೇ ಸಾಲು ಬರೀ ಧೂಳು.

ಫೋನಲ್ಲೂ ಅಷ್ಟೇ. ಹೋದ ತಿಂಗಳು ಫೋನ್ ಮಾಡಿದಾಗ ಬಾಯಿಗೆ ಹತ್ತಿ ತುರುಕ್ಕೊಂಡೋರ ಹಾಗೆ ಗುಸುಗುಸು ಅಂತಿದ್ದೆ. ಜೋರಾಗಿ ಮಾತಾಡು ಅಂದೆ. ಮತ್ತೂ ಗುಸುಗುಸು. ಹಿಂದೆ ಕಂಪ್ರೆಸರ್ ಓಡ್ತಿತ್ತು, ಕಟ್ ಮಾಡ್ದೆ. ನೀನು ಡ್ರಿಲ್ ಮೇಷ್ಟ್ರು. ಮೈದಾನದ ಈ ತುದೀಲಿ ನಿಂತು ಆ ತುದೀಲಿರೋ ಹುಡುಗನ ಕಾಲರ್ ಸರಿ ಮಾಡಿಸ್ತಿದ್ದೋನು. ಮಗಳ ಹತ್ರ ಮಾತಾಡೋಕೆ ಮಾತ್ರ ದನಿ ಇಲ್ಲ.

ವಿಷಯಕ್ಕೆ ಬರ್ತೀನಿ. ಮಾರ್ಚಲ್ಲಿ ನಿಮ್ಮೂರಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಟ ಇದೆ, ಅರವತ್ತೆರಡನೇ ವಯಸ್ಸಲ್ಲಿ ನೀನೂ ಓಡ್ತೀಯ, ಹಳೇ ಶೂ ತಳ ಸವೆದಿದೆ, ಟೈರ್ ರಬ್ಬರ್ ಹಾಕ್ಕೊಡ್ತೀಯಾ ಅಂತ ಕೇಳಿದೀಯ. ಐದು ವರ್ಷದಲ್ಲಿ ಮೊದಲನೇ ಕಾಗದ. ಅದ್ರಲ್ಲಿ ಶೂ. ಮಗಳು ಬದುಕಿದಾಳಾ ಅಂತಿಲ್ಲ. ಆ ರಿಬ್ಬನ್ ವಿಷಯ ಇಲ್ಲ. ಶೂ!

ಕಳಿಸು. ಇಲ್ಲಿ ಲಾರಿ ಬಂದ್ರೂ ಮಾಡ್ತೀವಿ, ತಳ್ಳುಗಾಡಿ ಬಂದ್ರೂ ಮಾಡ್ತೀವಿ. ಗಿರಾಕಿ ಮುಖ ನೋಡಲ್ಲ.

ನಿನ್ನ ಮಗಳು.
ಹಾಗಂತ ದಾಖಲೇಲಿದೆ.


ಜನವರಿ 19

ಚೂಟಿ,

ಶೂ ಪಾರ್ಸೆಲ್ ಮಾಡಿದ್ದೇನೆ. ಸೀಮೆಎಣ್ಣೆ ವಾಸನೆ ಬಂದರೆ ಬೈಯಬೇಡ, ಒರೆಸಿದ್ದು ನಿನ್ನಮ್ಮ.

ಗೇಲಿ ಮಾಡಲು ಸಣ್ಣದಾಗಿ ಬರೆದದ್ದಲ್ಲ. ಈಚೆಗೆ ಕೈ ಹಾಗೇ ಬರೆಯುತ್ತದೆ. ಈ ಸಲ ಮೂರನೇ ಕ್ಲಾಸಿನ ಮಕ್ಕಳ ಗೆರೆ ಪುಸ್ತಕ ತಂದಿದ್ದೇನೆ. ಅಕ್ಷರ ಮೇಲಿನ ಗೆರೆಯನ್ನೂ ಮುಟ್ಟಬೇಕು, ಕೆಳಗಿನದನ್ನೂ ಮುಟ್ಟಬೇಕು ಎಂದು ನಿನ್ನಮ್ಮನ ಆಜ್ಞೆ. ಮೊದಲ ಎರಡು ಸಾಲಿನಲ್ಲಿ ಮುಟ್ಟಿವೆ ನೋಡು.

ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಮುಂಚೆ ಐದಕ್ಕೆ ಮನೆ ಬಿಡುತ್ತಿದ್ದೆ, ಈಗ ಏಳಾಗುತ್ತದೆ. ಸೇತುವೆ ದಾಟಿ, ಇಟ್ಟಿಗೆ ಗೂಡಿನ ಪಕ್ಕದ ರಸ್ತೆ ಹಿಡಿದು ಹೋಗಿ ಬರುತ್ತೇನೆ. ನಾಯಿಗಳಿಗೆ ನನ್ನ ಪರಿಚಯವಾಗಿದೆ. ಅಟ್ಟಿಸಿಕೊಂಡು ಬರುವುದನ್ನು ಬಿಟ್ಟಿವೆ. ಅವಮಾನವೆಂದೇ ತಿಳಿದಿದ್ದೇನೆ.

ಹೊಸ ಶೂ ಕೊಳ್ಳಬಹುದಿತ್ತು. ನಿನ್ನ ಕೆಲಸ ನೋಡಬೇಕೆನಿಸಿತು.

ಅಪ್ಪ


ಫೆಬ್ರವರಿ 2

ಅಪ್ಪ,

ಶೂ ಬೆಂಚ್ ಮೇಲಿಟ್ಟು ನೋಡ್ದೆ. ಎಡಗಾಲಿನದು ಹಿಮ್ಮಡಿ ಸವೆದಿದೆ, ಎಲ್ಲರದ್ದೂ ಸವೆಯೋ ಹಾಗೆ. ಬಲಗಾಲಿನ ಹಿಮ್ಮಡಿ ಅಂಗಡಿಯಿಂದ ಈಗ ತಂದ ಹಾಗಿದೆ. ಆದ್ರೆ ಮುಂದುಗಡೆ, ಹೆಬ್ಬೆರಳ ಕೆಳಗೆ, ರಬ್ಬರೇ ಇಲ್ಲ. ಒಳಗಿನ ಬಟ್ಟೆ ಕಾಣ್ತಿದೆ.

ಓನರಮ್ಮ ಬಂದು ಬೆರಳಲ್ಲಿ ಸವರಿದ್ರು. "ಈ ಗಾಡಿ ಬಲಗಡೆ ಎಳೀತಿದೆ ಕಣೇ" ಅಂದ್ರು.

"ಗಾಡಿ ಅಲ್ಲ, ನಮ್ಮಪ್ಪ."

"ಗೊತ್ತು. ಎಳೀತಿದೆ."

ನಾನಿಲ್ಲಿ ಸೇರಿದ ಮೊದಲ ದಿನ ಅವ್ರು ಹೇಳಿಕೊಟ್ಟಿದ್ದು ಒಂದೇ ಪಾಠ. ಟೈರ್ ಸವೆದಿದ್ರೆ ರಬ್ಬರ್ ಹಾಕೋಕೆ ಓಡಬೇಡ, ಯಾಕೆ ಸವೀತು ಅಂತ ಮೊದಲು ಡ್ರೈವರನ್ನ ಕೇಳು. ಅದಕ್ಕೇ ಕೇಳ್ತಿದೀನಿ. ಬಲಗಾಲು ಎಷ್ಟು ದಿನದಿಂದ ಎಳೀತಿದೆ? ನೆಲ ಬಿಟ್ಟು ಏಳ್ತಿಲ್ಲ ಅದು, ಕೆರ್ಕೊಂಡು ಹೋಗ್ತಿದೆ. ಕೈ ಬರಹ ಇರುವೆ, ಬಾಯಲ್ಲಿ ಹತ್ತಿ, ಬೆಳಗ್ಗೆ ಐದರ ಬದಲು ಏಳು. ನಾನು ಶಾಲೆ ಬಿಟ್ಟಿರಬಹುದು, ಲೆಕ್ಕ ಕೂಡಿಸೋಕೆ ಬರುತ್ತೆ.

ಅಮ್ಮ ಆರು ತಿಂಗಳ ಹಿಂದೆ ಬಂದು ಎರಡು ದಿನ ನನ್ ರೂಮಲ್ಲಿ ಮಲಗೆದ್ದು ಹೋದ್ಲು. ಹೊಸ ಪರದೆ ಹಾಕಿಸಿದೀವಿ ಅಂದ್ಲು. ಪಕ್ಕದ ಮನೆ ನಲ್ಲಿ ಸೋರೋದು ಹೇಳಿದ್ಲು. ಇದನ್ನ ಹೇಳ್ಲಿಲ್ಲ. ನೀನು ಬಾಯಿಗೆ ಬೀಗ ಹಾಕಿ ಕಳಿಸಿದೀಯ ಅಂತ ಗೊತ್ತು. ನಿಮ್ಮಿಬ್ಬರ ಮನೇಲಿ ಯಾರಿಗೂ ಏನೂ ಹೇಳೋ ಅಭ್ಯಾಸ ಇಲ್ಲ.

ಏನು ಕಾಯಿಲೆ? ಬರಿ. ಬರೆಯೋ ತನಕ ಶೂ ಮುಟ್ಟಲ್ಲ.

ಟೈರ್ ಅಂಗಡಿಯವಳು


ಫೆಬ್ರವರಿ 10

ಚೂಟಿ,

ಮಕ್ಕಳ ಶೂ ನೋಡಿ ಯಾರು ಸೋಮಾರಿ ಎಂದು ಹೇಳುತ್ತಿದ್ದವನು ನಾನು. ನನ್ನ ಶೂ ನೋಡಿ ನೀನು ಹೇಳಿಬಿಟ್ಟೆ.

ಪಾರ್ಕಿನ್ಸನ್ ಎನ್ನುತ್ತಾರೆ. ಮೂರು ವರ್ಷವಾಯಿತು. ಬಲಗಡೆಗೆ ಜಾಸ್ತಿ. ಕೈ ನಡುಗುತ್ತದೆ, ಅಕ್ಷರ ಕುಗ್ಗುತ್ತದೆ, ದನಿ ಕುಗ್ಗುತ್ತದೆ. ನಾನು ಕಿರುಚುತ್ತಿದ್ದೇನೆ ಎಂದೇ ನನಗನಿಸುತ್ತದೆ, ನಿನ್ನಮ್ಮ ‘ಏನಂದ್ರಿ?’ ಅಂತಾಳೆ. ಆ ದಿನ ಫೋನಿನಲ್ಲೂ ಕಿರುಚುತ್ತಲೇ ಇದ್ದೆ.

ವಿಚಿತ್ರವೆಂದರೆ ನಡಿಗೆ. ಅಡುಗೆಮನೆ ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಎದುರಿಗೆ ಏನೂ ಇರುವುದಿಲ್ಲ, ಬರೀ ಬಾಗಿಲು. ಆದರೂ ಆಗುವುದಿಲ್ಲ. ನಿನ್ನಮ್ಮ ಹಿಂದಿನಿಂದ ‘ಎಡ, ಬಲ, ಎಡ, ಬಲ’ ಎಂದರೆ ಬಿಡುತ್ತದೆ. ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ನಾನು ಕೂಗಿದ್ದನ್ನು ಈಗ ಮನೆಯವಳ ಬಾಯಲ್ಲಿ ಕೇಳಿ ಕಾಫಿ ತರಲು ಹೋಗುತ್ತೇನೆ. ಆದರೆ ಓಡಲು ಶುರು ಮಾಡಿದರೆ ಅದೇ ಕಾಲು ತಾನಾಗಿ ಓಡುತ್ತದೆ. ಮಾತ್ರೆ ತೆಗೆದುಕೊಂಡು ಮುಕ್ಕಾಲು ಗಂಟೆ ಕಾದರೆ ಮೈ ಸಡಿಲವಾಗುತ್ತದೆ. ಆಮೇಲೆ ಎರಡೂವರೆ, ಮೂರು ಗಂಟೆ ನಾನು ನಾನೇ. ಡಾಕ್ಟರು ಓಡಿ ಎಂದಿದ್ದಾರೆ. ಒಂದೇ ನಿಯಮ, ನಡುವೆ ನಿಲ್ಲಬಾರದು. ನಿಂತರೆ ಮತ್ತೆ ಹೊರಡುವಾಗ ಕಷ್ಟ.

ಈ ಓಟ ಮುಗಿಸಬೇಕು. ಮುಂದಿನ ವರ್ಷಕ್ಕೆ ಆಗುವುದಿಲ್ಲವೆಂದು ನನಗೇ ಗೊತ್ತು. ಜೊತೆಗೊಬ್ಬರು ಇರಬೇಕೆಂದು ಓಟದ ಸಮಿತಿಯವರ ಷರತ್ತು. ಪಕ್ಕದ ಬೀದಿಯ ಕ್ಷೌರದಂಗಡಿಯವನು ಸೈಕಲ್‌ನಲ್ಲಿ ಬರುತ್ತೇನೆಂದಿದ್ದಾನೆ. ಅವನ ಸೈಕಲ್ ನನಗಿಂತ ನಿಧಾನ.

ನಿನಗೆ ಹೇಳದಿದ್ದದ್ದು ತಪ್ಪು. ಕಾಯಿಲೆ ತೋರಿಸಿ ಮಗಳನ್ನು ವಾಪಸ್ ಕರೆಸಿಕೊಂಡ ಎಂದು ನಿನಗನಿಸಬಾರದಿತ್ತು.

ಅಪ್ಪ


ಫೆಬ್ರವರಿ 21

ಅಪ್ಪ,

ಶೂ ರೆಡಿ. ಈ ಕಾಗದದ ಜೊತೆಗೇ ಇದೆ.

ಹಳೇ ತಳ ಪೂರ್ತಿ ಉಜ್ಜಿ ಬಫ್ ಮಾಡಿ, ಅಂಟೋ ಸೊಲ್ಯೂಷನ್ ಎರಡು ಸಲ ಹಚ್ಚಿ, ಬಸ್ ಟೈರಿಗೆ ಹಾಕೋ ಟ್ರೆಡ್ ರಬ್ಬರನ್ನ ತೆಳ್ಳಗೆ ಸೀಳಿ ಕೂರಿಸಿದೀನಿ. ಬಲಗಾಲಿನ ಮುಂದುಗಡೆ ಮಾತ್ರ ಡಬಲ್. ಹೆಬ್ಬೆರಳ ಕೆಳಗಿಂದ ಮೇಲಕ್ಕೆ ಸುತ್ತಿಸಿ ಒಂದು ದಪ್ಪ ಪ್ಯಾಚ್ ಹಾಕಿದೀನಿ. ರಸ್ತೆ ಸವೆಯುತ್ತೆ, ಅದು ಸವೆಯಲ್ಲ. ಹಿಡಿತ ಹೇಗಿದೆ ಅಂದ್ರೆ ಗೋಡೆಗೆ ಒತ್ತಿದ್ರೆ ಅಲ್ಲೇ ನಿಲ್ಲುತ್ತೆ. ಓನರಮ್ಮ ಆ ಎರಡು ದಿನ ಊರಲ್ಲಿರ್ಲಿಲ್ಲ, ಇಡೀ ಕೆಲಸ ನನ್ದೇ.

ಈಗ ಇನ್ನೊಂದು ಶೂ ವಿಷಯ. ನೀನು ಕೇಳಲ್ಲ, ನಾನೇ ಹೇಳ್ತೀನಿ. ಇದೊಂದ್ಸಲ. ಮತ್ತೆ ಹೇಳಲ್ಲ.

ಒಂಬತ್ತನೇ ಕ್ಲಾಸು. ಶಾಲೆಯ ಆರು ಕಿಲೋಮೀಟರ್ ಓಟ. ಗೋದಾಮಿನ ತನಕ ಹೋಗಿ ಅಲ್ಲಿ ಜವಾನ ಕೊಡೋ ಕೆಂಪು ರಿಬ್ಬನ್ ಇಸ್ಕೊಂಡು ತಿರುಗಿ ಬರಬೇಕು. ರಿಬ್ಬನ್ ಇಲ್ಲದೆ ಬಂದೋರು ನಡುವೆಯೇ ತಿರುಗಿದ ಕಳ್ಳರು. ನಿಯಮ ಮಾಡಿದ್ದು ನೀನು. ನಾನು ಮೊದಲು ಬಂದೆ. ಹುಡುಗರಿಗಿಂತ ಮೊದಲು. ನೀನು ನನ್ನ ಮುಖ ನೋಡ್ಲಿಲ್ಲ, ಕೈ ನೋಡ್ದೆ. ಎರಡೂ ಕೈ. ರಿಬ್ಬನ್ ಇರ್ಲಿಲ್ಲ. ‘ಎಲ್ಲಿ’ ಅಂತ ನೀನು ಕೇಳ್ಲಿಲ್ಲ ಅಪ್ಪ. ಸೀದಾ ಮೈಕ್ ಹತ್ರ ಹೋದೆ. "ತಿರುವು ಮುಟ್ಟದೆ ಬಂದವರಿಗೆ ಬಹುಮಾನವಿಲ್ಲ. ಅದು ನನ್ನ ಮಗಳಾದರೂ ಸರಿ!"

ಎಂಟ್ನೂರು ಜನ ಚಪ್ಪಾಳೆ ಹೊಡೆದ್ರು. ನಿಂಗೆ! ಹೆಡ್ಮಾಸ್ಟರು ಎದ್ದು ಬಂದು ನಿನ್ನ ಬೆನ್ನು ತಟ್ಟಿದ್ರು.

ರಿಬ್ಬನ್ ಎಲ್ಲಿತ್ತು ಗೊತ್ತಾ? ತಿರುವಿನ ಹತ್ರ ನನ್ನ ಬಲಗಾಲಿನ ಶೂ ಬಾಯಿ ಬಿಡ್ತು. ಇನ್ನೊಂದು ವರ್ಷ ಬರುತ್ತೆ ಹಾಕ್ಕೋ ಅಂತ ನೀನೇ ಹೇಳಿದ್ದ ಶೂ. ತಳ ಟಪ ಟಪ ಅಂತಿತ್ತು. ರಿಬ್ಬನ್ನಿಂದ ಸುತ್ತಿ ಬಿಗಿದು ಕಟ್ಟಿ ಓಡ್ದೆ. ಮೂರು ಕಿಲೋಮೀಟರ್ ರಸ್ತೆಗೆ ಉಜ್ಜಿ ಉಜ್ಜಿ ಅದು ಎಲ್ಲೋ ಹರಿದು ಹೋಗಿತ್ತು.

ಹೇಳಬಹುದಿತ್ತಲ್ಲ ಅಂತೀಯ. ಚಪ್ಪಾಳೆ ನಿಲ್ಲಲಿ ಅಂತ ಕಾಯ್ತಿದ್ದೆ. ಅದು ನಿಲ್ಲೋ ಹೊತ್ತಿಗೆ ನಂಗೆ ಹೇಳೋ ಮನಸ್ಸು ಹೋಗಿತ್ತು. ಮಾರನೇ ದಿನದಿಂದ ಶಾಲೆಗೆ ಹೋಗ್ಲಿಲ್ಲ. ಕ್ಲಾಸಲ್ಲಿ ‘ಅರ್ಧ ದಾರಿ’ ಅಂತ ಹೆಸರಿಟ್ಟಿದ್ರು ನಂಗೆ.

ಓಟದ ದಿನ ನಾನು ಬರಲ್ಲ. ಶೂ ಬರುತ್ತೆ.

ಅರ್ಧ ದಾರಿ


ಮಾರ್ಚ್ 1

ಚೂಟಿ,

ಶೂ ಬಂತು. ಹಾಕಿಕೊಂಡು ಎರಡು ದಿನ ಓಡಿದೆ. ಬಹಳ ಗಟ್ಟಿ ಕೆಲಸ. ಅಂಚು ಎಲ್ಲೂ ಎದ್ದಿಲ್ಲ, ಬೆರಳಲ್ಲಿ ಸವರಿ ನೋಡಿದೆ. ಕ್ಷೌರದವನಿಗೂ ತೋರಿಸಿದೆ. ಕಾಲಿಗೆ ಸ್ವಲ್ಪ ಅಭ್ಯಾಸವಾಗಬೇಕು, ಅಷ್ಟೇ.

ನೀನು ಬರೆದ ಇನ್ನೊಂದು ವಿಷಯವನ್ನು ನಾಲ್ಕು ಸಲ ಓದಿದೆ. ಅದಕ್ಕೆ ಕಾಗದದಲ್ಲಿ ಉತ್ತರ ಬರೆಯಬಾರದು. ಎದುರಿಗೆ ಹೇಳಬೇಕಾದದ್ದು.

ಓಟ ಹನ್ನೆರಡನೇ ತಾರೀಕು, ಭಾನುವಾರ, ಬೆಳಗ್ಗೆ ಏಳಕ್ಕೆ. ತಿರುವು ಇರುವುದು ಹತ್ತೂವರೆ ಕಿಲೋಮೀಟರಿನಲ್ಲಿ, ನೀರಿನ ಟ್ಯಾಂಕಿನ ಬುಡದಲ್ಲಿ. ಅಲ್ಲಿ ಕೈಗೆ ರಿಬ್ಬನ್ ಕಟ್ಟುತ್ತಾರೆ. ಈಗಲೂ ಅದೇ ಪದ್ಧತಿ. ನಾನು ಅಲ್ಲಿಗೆ ತಲುಪುವಾಗ ಎಂಟೂವರೆ ಆಗಬಹುದು.

ಟ್ಯಾಂಕಿನ ಕೆಳಗೆ ಒಳ್ಳೆಯ ನೆರಳಿದೆ. ನೋಡಲು ಬರುವವರಿಗೆ ನಿಲ್ಲಲು ಅನುಕೂಲ.

ಅಪ್ಪ


ಮಾರ್ಚ್ 6

ನೆರಳಿದ್ರೆ ನೀನೇ ನಿಂತ್ಕೋ. ನಂಗೆ ಆ ಭಾನುವಾರ ಎರಡು ಲಾರಿ ಕೆಲಸ ಇದೆ. ಮಾತ್ರೆ ತೊಗೊಳೋದು ಮರೀಬೇಡ.

ನಾನು


ಮಾರ್ಚ್ 16

ಮಗಳೇ,

ನಿಮ್ಮಪ್ಪ ಬಿದ್ದರು. ಸೊಂಟದ ಮೂಳೆ ಮುರಿದಿದೆ, ಬಲಗಡೆಯದು. ಮೊನ್ನೆ ಆಪರೇಷನ್ ಮಾಡಿ ರಾಡ್ ಹಾಕಿದರು. ಜೀವಕ್ಕೇನೂ ಇಲ್ಲ. ಕೋಲು ಹಿಡಿದು ನಡೆದರೆ ಅದೇ ಹೆಚ್ಚು, ಓಟದ ಮಾತು ಬಿಟ್ಟುಬಿಡಿ ಎಂದು ಡಾಕ್ಟರು ಅವರ ಎದುರಿಗೇ ಹೇಳಿದರು. ಅವರು ‘ಹ್ಞೂಂ’ ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ನಾನು ಟ್ಯಾಂಕಿನ ಹತ್ತಿರ ನಿಂತಿದ್ದೆ, ನೀರಿನ ಬಾಟಲಿ ಹಿಡಿದುಕೊಂಡು. ಎಂಟು ಇಪ್ಪತ್ತಕ್ಕೇ ಬಂದರು. ಹೇಳಿದ್ದಕ್ಕಿಂತ ಹತ್ತು ನಿಮಿಷ ಮುಂಚೆ. ಕ್ಷೌರದವನ ಸೈಕಲ್ ಇನ್ನೂ ಹಿಂದೆಯೇ ಇತ್ತು. ಆ ಮುಖ ನೋಡಿದ್ದರೆ ನಿನಗೆ ಗೊತ್ತಾಗುತ್ತಿತ್ತು. ಕಾಯಿಲೆಯ ಗುರುತೇ ಇರಲಿಲ್ಲ. ರಿಬ್ಬನ್ ಕಟ್ಟಿಸಿಕೊಂಡರು. ಆಮೇಲೆ ನಿಂತುಬಿಟ್ಟರು. ನಿಲ್ಲಬೇಡಿ, ನಿಲ್ಲಬೇಡಿ ಎಂದು ಕೂಗಿದೆ. ಕೇಳಲಿಲ್ಲ. ನೆರಳಿನಲ್ಲಿ ನಿಂತಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಎರಡು ಸಲ ನೋಡಿದರು. ಯಾರನ್ನು ಹುಡುಕುತ್ತಿದ್ದಾರೆಂದು ನಿನಗೆ ನಾನು ಹೇಳಬೇಕಾಗಿಲ್ಲ.

ಮತ್ತೆ ಹೊರಡಲು ನೋಡಿದಾಗ ಕಾಲು ಅಂಟಿಕೊಂಡಿತು. ನಾನು ಓಡಿಹೋಗಿ ಎಡ, ಬಲ ಎಂದೆ. ಎಡಗಾಲು ಬಂತು. ಬಲಗಾಲಿನ ಶೂ ತುದಿ ರಸ್ತೆಯನ್ನು ಕಚ್ಚಿ ಹಿಡಿಯಿತು. ಮರ ಬಿದ್ದ ಹಾಗೆ ಬಿದ್ದರು.

ಇನ್ನೊಂದು ಮಾತು ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತೇನೆ. ಆ ಶೂ ಹಾಕಿದ ಮೊದಲ ದಿನವೇ ಮೂರು ಸಲ ಮುಗ್ಗರಿಸಿ ಬಂದಿದ್ದರು. ಮಂಡಿ ತರಚಿತ್ತು. ಕಾಲು ಕೆರೆದುಕೊಂಡು ಹೋಗುವವರಿಗೆ ಮುಂದುಗಡೆ ಜಾರಬೇಕು, ಹಿಡಿಯಬಾರದು. ಡಾಕ್ಟರು ಮುಂಚೆಯೇ ಹೇಳಿದ್ದರು. ಆ ಪ್ಯಾಚು ಕಿತ್ತು ಕೊಡುತ್ತೇನೆ, ಚಾಕು ತರುತ್ತೇನೆ ಎಂದೆ. ‘ನನ್ನ ಮಗಳು ಅಂಟಿಸಿದ್ದು ಅದು, ಮುಟ್ಟಬೇಡ’ ಎಂದರು. ಆ ಒಂದು ಮಾತು ಮಾತ್ರ ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ ಬಂತು.

ಬಲಗಾಲಿನ ಶೂ ಕಳಿಸಿದ್ದೇನೆ. ನೋಡು.

ಈಗ ಬರಬೇಡ. ಬರಬೇಕಾದ ದಿನ ಬರಲಿಲ್ಲ.

ಅಮ್ಮ


ಮಾರ್ಚ್ 20

ಅಪ್ಪ,

ನಿಂಗೆ ಬಾಯಿ ಇರ್ಲಿಲ್ವಾ? ‘ಕಾಲಿಗೆ ಸ್ವಲ್ಪ ಅಭ್ಯಾಸವಾಗಬೇಕು’ ಅಂತೆ! ಮೂರು ಸಲ ಮುಗ್ಗರಿಸಿದೆ ಅಂತ ಬರೆಯೋಕೆ ಎಷ್ಟು ಇರುವೆ ಬೇಕಾಗಿತ್ತು? ಬೆಳಗ್ಗೆ ಕಾಗದ ಬಂದಿದ್ರೆ ಸಂಜೆಗೆ ಬಸ್ ಹತ್ತಿ ಬಂದು ನಾನೇ ಕಿತ್ತು ಹೋಗ್ತಿದ್ದೆ. ಗಿರಾಕಿ ಬಂದು ನಿನ್ನ ಪ್ಯಾಚ್ ಸರಿ ಇಲ್ಲ ಅಂತ ಬೈದ್ರೆ ನಾನು ಸಾಯಲ್ಲ. ದಿನಾ ಬೈತಾರೆ.

ಶೂ ನೋಡ್ದೆ. ಪ್ಯಾಚಿನ ಮುಂದಿನ ಅಂಚಲ್ಲಿ ಅರ್ಧ ಬೆರಳಷ್ಟು ಗೀರಿದೆ, ಟಾರ್ ಕಚ್ಕೊಂಡಿದೆ. ಉಳಿದಿದ್ದು ಹೊಸದರ ಹಾಗೇ ಇದೆ. ಸವೆದೇ ಇಲ್ಲ. ನಾನು ಹೇಳಿದ್ದೆನಲ್ಲ, ರಸ್ತೆ ಸವೆಯುತ್ತೆ ಅಂತ.

ಓನರಮ್ಮನಿಗೆ ತೋರಿಸ್ದೆ. ಬೈತಾರೆ ಅಂತ ಕಾದೆ. ಬೈಲಿಲ್ಲ. "ಡ್ರೈವರನ್ನ ಕೇಳಿದ್ಯಾ?" ಅಂದ್ರು. ಅಷ್ಟೇ.

ಕೇಳಿದ್ದೆ. ನೀನು ಹೇಳಿದ್ದೆ, ಬಲಗಡೆಗೆ ಜಾಸ್ತಿ ಅಂತ, ನಿಂತ್ರೆ ಅಂಟಿಕೊಳ್ಳುತ್ತೆ ಅಂತ. ಓದಿದ್ದೆ. ಓದಿ, ಆಮೇಲೆ ನಂಗೇನು ಮಾಡಬೇಕು ಅನ್ನಿಸ್ತೋ ಅದನ್ನ ಮಾಡ್ದೆ. ಹೀಗೆ ಹಾಕಲಾ ಅಂತ ಒಂದು ಸಾಲು ಬರೆದು ಕೇಳಬಹುದಿತ್ತು. ಓನರಮ್ಮ ಬರೋ ತನಕ ಎರಡು ದಿನ ಕಾಯಬಹುದಿತ್ತು. ನಂಗೆ ತಾಳ್ಮೆ ಇರ್ಲಿಲ್ಲ. ನನ್ ಕೆಲಸ ನೋಡಿ ನೀನು ಬಾಯಿ ಬಿಡಬೇಕು ಅನ್ನೋದೊಂದೇ ತಲೇಲಿತ್ತು.

ಇನ್ನೊಂದು. ಲಾರಿ ಇರ್ಲಿಲ್ಲ. ಸುಳ್ಳು. ಓನರಮ್ಮ ಶನಿವಾರ ಮಧ್ಯಾಹ್ನಾನೇ ರಜ ಕೊಟ್ಟು, "ಹೋಗೇ, ಮುಖ ಊದಿಸ್ಕೊಂಡು ನನ್ ಅಂಗಡೀಲಿ ಕೂರಬೇಡ" ಅಂತ ಅಟ್ಟಿದ್ರು. ಬಸ್ ಸ್ಟ್ಯಾಂಡಿಗೆ ಹೋದೆ. ನಿಮ್ಮೂರ ಬಸ್ ಮೂರು ಗಂಟೆಗೊಂದು, ನಾಲ್ಕೂವರೆಗೊಂದು. ಬೆಂಚ್ ಮೇಲೆ ಕೂತು ಎರಡೂ ಬಸ್ ಹೋಗೋದನ್ನ ನೋಡ್ದೆ. ಹೋದ್ರೆ ಏನು ಹೇಳ್ತೀಯ ಅಂತ ಯೋಚನೆ ಮಾಡ್ತಿದ್ದೆ. ಏನೂ ಹೇಳ್ದೆ ಇದ್ರೆ? ಬಂದ್ಯಾ, ನೀರು ಕುಡಿ ಅಂದು ಸುಮ್ಮನಾದ್ರೆ? ಅದನ್ನ ತಡೆಯೋಕಾಗಲ್ಲ ಅನ್ನಿಸ್ತು. ವಾಪಸ್ ಬಂದು ರೂಮಲ್ಲಿ ಬಟ್ಟೆ ಒಗೆದೆ.

ನೀನು ನಿಂತು ನನ್ನ ಹುಡುಕಿದೆ ಅಂತ ಅಮ್ಮ ಬರೆದಿದಾಳೆ. ಯಾಕಪ್ಪಾ ನಿಂತೆ? ನಿಲ್ಲಬಾರದು ಅಂತ ನೀನೇ ಬರೆದಿದ್ದೆ.

ಅಮ್ಮ ಬರಬೇಡ ಅಂದಿದಾಳೆ. ಅವಳ ಮಾತು ಮೀರೋ ಮುಖ ಇಲ್ಲ ನಂಗೆ. ನೀನು ಹೇಳು.

ಪ್ಯಾಚ್ ಹಾಕಿದವಳು


ಏಪ್ರಿಲ್ 14

ಚೂಟಿ,

ಇದನ್ನು ಬರೆಯಲು ಒಂಬತ್ತು ದಿನ ಹಿಡಿಯಿತು. ದಿನಕ್ಕೆ ನಾಲ್ಕೈದು ಸಾಲು, ಮಾತ್ರೆ ಹತ್ತಿದ ಹೊತ್ತಿನಲ್ಲಿ. ಸಣ್ಣದಾಗಿದ್ದರೆ ಕ್ಷಮಿಸು.

ಕೋಲಿನ ಸಹಾಯದಿಂದ ಮಂಚದಿಂದ ಕಿಟಕಿಯ ತನಕ ಹೋಗುತ್ತೇನೆ. ಹದಿನಾಲ್ಕು ಹೆಜ್ಜೆ. ಬಾಗಿಲು ಇನ್ನೂ ದಾಟಿಲ್ಲ.

ಮೊದಲು ಶೂ ವಿಷಯ. ನನಗೆ ಗೊತ್ತಿತ್ತು. ಮೊದಲ ನೂರು ಗಜದಲ್ಲೇ ಗೊತ್ತಾಯಿತು. ನಿನಗೆ ಬರೆಯಲಿಲ್ಲ, ಯಾಕೆಂದರೆ ಐದು ವರ್ಷದಲ್ಲಿ ನೀನು ನನಗೆಂದು ಮಾಡಿದ ಕೆಲಸ ಅದೊಂದೇ. ಸರಿಯಿಲ್ಲ ಎಂದರೆ ನೀನು ಮತ್ತೆ ಏನೂ ಮಾಡಿಕೊಡಲಾರೆ ಎಂದು ಹೆದರಿದೆ. ಹೆಜ್ಜೆ ಎತ್ತಿ ಎತ್ತಿ ಇಡುತ್ತೇನೆ, ಇಪ್ಪತ್ತೊಂದು ಕಿಲೋಮೀಟರ್ ತಾನೇ ಎಂದುಕೊಂಡೆ. ಹತ್ತೂವರೆ ಕಿಲೋಮೀಟರಿನ ತನಕ ಎತ್ತಿದೆ. ನಿಂತದ್ದು ನನ್ನ ತಪ್ಪು. ಶೂದಲ್ಲ.

ಎರಡನೆಯದು. ಎದುರಿಗೆ ಹೇಳಬೇಕೆಂದಿದ್ದೆ. ಈಗ ಎದುರಿಗೆ ಬಂದರೂ ನನ್ನ ದನಿ ನಿನಗೆ ಕೇಳಿಸುವುದೋ ಇಲ್ಲವೋ.

ನಿನ್ನ ರಿಬ್ಬನ್ ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು. ನೀನು ಫೆಬ್ರವರಿಯಲ್ಲಿ ಬರೆಯುವ ಮುಂಚೆಯೇ. ಆ ಓಟವಾದ ಎಂಟನೇ ದಿನವೇ.

ನೀನು ಶಾಲೆಗೆ ಹೋಗದೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಹೊಸ ಶೂ ಕೊಡಿಸಿದರೆ ಎದ್ದು ಹೋಗುತ್ತೀಯೇನೋ ಎಂದು ಅಳತೆಗೆ ನಿನ್ನ ಹಳೇ ಶೂ ತೆಗೆದುಕೊಂಡೆ. ಬಲಗಾಲಿನದರ ತಳ ಬಾಯಿ ಬಿಟ್ಟಿತ್ತು. ಒಳಗೆ, ತಳಕ್ಕೂ ಚರ್ಮಕ್ಕೂ ನಡುವೆ, ಎರಡು ಬೆರಳಗಲ ಕೆಂಪು ರಿಬ್ಬನ್ ಸಿಕ್ಕಿಕೊಂಡಿತ್ತು. ನಾನೇ ಕತ್ತರಿಸಿ ಜವಾನನ ಕೈಗೆ ಕೊಟ್ಟಿದ್ದ ರಿಬ್ಬನ್. ನನಗೆ ಗುರುತು ಸಿಗದೇ ಇರುತ್ತದೆಯೇ.

ಆ ವಾರ ಊರಲ್ಲಿ ನಾನು ಹೋದಲ್ಲೆಲ್ಲ ಜನ ಕೈ ಮುಗಿಯುತ್ತಿದ್ದರು. ಮಗಳನ್ನೂ ಬಿಡದ ಮೇಷ್ಟ್ರು ಎಂದು. ಹೆಡ್ಮಾಸ್ಟರು ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳಿಗೆ ನನ್ನ ಉದಾಹರಣೆ ಕೊಟ್ಟರು. ಶೂ ಕೈಯಲ್ಲಿ ಹಿಡಿದುಕೊಂಡು ಅರ್ಧ ಗಂಟೆ ನಿಂತಿದ್ದೆ. ಆಮೇಲೆ ಬೀರುವಿನ ಮೇಲೆ, ಹಳೇ ಸೂಟ್‌ಕೇಸಿನ ಹಿಂದೆ ಇಟ್ಟೆ. ನಾಳೆ ಹೇಳೋಣವೆಂದುಕೊಂಡೆ. ಮುಂದಿನ ಸೋಮವಾರ ಹೇಳೋಣವೆಂದುಕೊಂಡೆ. ನೀನು ಮನೆ ಬಿಡುವ ದಿನ ಬಸ್ ಸ್ಟ್ಯಾಂಡಿಗೆ ಬಂದಿದ್ದೆನಲ್ಲ, ಅವತ್ತು ಆ ಚೂರು ನನ್ನ ಅಂಗಿ ಜೇಬಿನಲ್ಲಿತ್ತು. ಬಸ್ ಹಿಂದಕ್ಕೆ ತೆಗೆಯುವಾಗ ಡ್ರೈವರನಿಗೆ ದಾರಿ ತೋರಿಸುತ್ತಾ ನಿಂತೆ. ನಿನಗೆ ಹೇಳಲಿಲ್ಲ.

ಹೇಳಿದ್ದರೆ ನೀನು ಓದುತ್ತಿದ್ದೆಯೇನೋ. ಓಡುತ್ತಿದ್ದೆಯಂತೂ ಖಂಡಿತ. ನನ್ನ ಕೈಯಲ್ಲಿ ಬೆಳೆದ ಸಾವಿರ ಮಕ್ಕಳಲ್ಲಿ ನಿನ್ನಂಥ ಕಾಲು ಯಾರಿಗೂ ಇರಲಿಲ್ಲ.

ನಿನ್ನ ಆ ಶೂ ಕಳಿಸಿದ್ದೇನೆ. ರಿಬ್ಬನ್ ಅಲ್ಲೇ ವಾಪಸ್ ಇಟ್ಟಿದ್ದೇನೆ.

ಬಾ ಎನ್ನುವ ಯೋಗ್ಯತೆ ನನಗಿಲ್ಲ. ನಿನ್ನಮ್ಮನ ಕೋಪ ಇಳಿದಿದೆ, ಅಷ್ಟು ಮಾತ್ರ ತಿಳಿಸುತ್ತೇನೆ.

ಅಪ್ಪ


ಏಪ್ರಿಲ್ 22

ಅಪ್ಪ,

ನಿನ್ನ ಕಾಗದ ಓದೋಕೆ ನಂಗೆ ಎರಡು ದಿನ ಬೇಕಾಯ್ತು. ಅಕ್ಷರಕ್ಕಲ್ಲ.

ಮೊದಲ ದಿನ ಆ ಎಂಟನೇ ದಿನದ ತನಕ ಓದಿ ಮಡಚಿಟ್ಟೆ. ಹೊರಗೆ ಹೋಗಿ ಒಂದು ಟ್ರ್ಯಾಕ್ಟರ್ ಟೈರನ್ನ ಸುತ್ತಿಗೇಲಿ ಹೊಡೆದು ಹೊಡೆದು ರಿಮ್ಮಿಂದ ಬಿಡಿಸ್ದೆ. ಅದನ್ನ ಬಿಡಿಸಬೇಕಾಗೇ ಇರ್ಲಿಲ್ಲ. ಬರೀ ಗಾಳಿ ತುಂಬಿಸೋಕೆ ಬಂದಿತ್ತು. ಗಿರಾಕಿ ನೋಡ್ತಾ ನಿಂತಿದ್ದ. ಓನರಮ್ಮ ಅವನಿಗೆ, "ಕೂತ್ಕೊಳಪ್ಪ, ಅವಳಿಗೆ ಇವತ್ತು ಮನೆಯಿಂದ ಕಾಗದ ಬಂದಿದೆ" ಅಂದ್ರು.

ನಾನು ಇಲ್ಲಿಗೆ ಬಂದಾಗ ಹದಿನಾರು. ಮಳಿಗೆ ಮೇಲಿನ ರೂಮು, ತಗಡಿನ ಮಾಡು. ಮೊದಲ ವರ್ಷ ಪೂರ್ತಿ ನಾನು ದಿನಾ ನಂಗೇ ಒಂದು ಪ್ರಶ್ನೆ ಹಾಕ್ಕೊಳ್ತಿದ್ದೆ. ನಾನು ನಿಜವಾಗ್ಲೂ ಆ ತಿರುವು ಮುಟ್ಟಿದ್ನಾ? ಎಲ್ರೂ ಮುಟ್ಟಿಲ್ಲ ಅಂದಮೇಲೆ ನಂಗೇ ಅನುಮಾನ ಬರೋಕೆ ಶುರುವಾಗಿತ್ತು. ರಿಬ್ಬನ್ ಕಟ್ಟಿದ್ದು ನಾನು ಕಟ್ಟಿಕೊಂಡ ಕಥೆ ಇರಬಹುದಾ ಅಂತ. ನೀನು ಆ ಚೂರು ಜೇಬಲ್ಲಿ ಇಟ್ಕೊಂಡು ಬಸ್ಸಿಗೆ ದಾರಿ ತೋರಿಸ್ತಿದ್ದೆ.

ಅವತ್ತು ಮೈಕಲ್ಲಿ ಹೇಳ್ದೆ, ಎಂಟ್ನೂರು ಜನ ಕೇಳಿಸ್ಕೊಂಡ್ರು. ಇದನ್ನ ಹೇಳೋ ಹೊತ್ತಿಗೆ ನಿನ್ನ ದನಿ ಅಡುಗೆಮನೆ ತನಕ ಹೋಗಲ್ಲ. ಯಾರನ್ನ ಬೈಯಲಿ ಇದಕ್ಕೆ? ಕಾಯಿಲೇನಾ? ಬೈದು ನೋಡ್ದೆ. ಅದಕ್ಕೆ ಕೇಳಿಸಲ್ಲ.

ಕ್ಷಮಿಸಿದೀನಿ ಅಂತ ಬರೀತೀನಿ ಅಂದ್ಕೋಬೇಡ. ಬರೋಲ್ಲ ಆ ಮಾತು, ಪೆನ್ನಲ್ಲೂ ಬರೋಲ್ಲ. ಐದು ವರ್ಷ ನೀನೂ ವಾಪಸ್ ಕೊಡೋಕಾಗಲ್ಲ, ನಿನ್ನ ಹತ್ತೂವರೆ ಕಿಲೋಮೀಟರು ನಾನೂ ವಾಪಸ್ ಕೊಡೋಕಾಗಲ್ಲ. ಅದು ಬಾಕಿ ಉಳೀತು. ಉಳಿದೇ ಹೋಗುತ್ತೆ. ಒಂದ್ಸಲ ಕೇಳಿದ್ರೆ ಮುಗೀತಿತ್ತು ಅಪ್ಪ. ನೀನು ‘ಎಲ್ಲಿ’ ಅಂತ, ನಾನು ‘ಹೇಗೆ’ ಅಂತ.

ಈಗ ಬೆಂಚ್ ಮೇಲೆ ಎರಡು ಶೂ ಇದೆ. ಎರಡೂ ಬಲಗಾಲಿನದೇ. ನನ್ದು ಎಷ್ಟು ಸಣ್ಣಕ್ಕಿದೆ ಅಂತೀಯ! ನಿನ್ನದರ ಪಕ್ಕ ಮಗು ಹಾಗೆ ಕೂತಿದೆ. ನಿನ್ನದರಿಂದ ಪ್ಯಾಚ್ ಕಿತ್ತೆ. ಒಂದು ಗಂಟೆ ಹಿಡೀತು, ನಾನು ಅಂಟಿಸಿದ್ದು ಸುಲಭಕ್ಕೆ ಬರಲ್ಲ. ಉಜ್ಜಿ ನುಣ್ಣಗೆ ಮಾಡಿ, ಮುಂದುಗಡೆ ಹಳೇ ಟ್ಯೂಬಿನ ಜಾರೋ ರಬ್ಬರ್ ಹಾಕೋಣ ಅಂದ್ಕೊಂಡೆ. ಆದ್ರೆ ಹಾಕಿಲ್ಲ. ಹಾಗೇ ಬಿಟ್ಟಿದೀನಿ. ನಿನ್ನ ಕಾಲಿಗೆ ತೊಡಿಸಿ, ನೀನು ಹೆಜ್ಜೆ ಇಡೋದನ್ನ ನೋಡಿ, ನಿನ್ನ ಕೇಳಿ ಆಮೇಲೆ ಹಾಕ್ತೀನಿ. ಓಡೋಕಲ್ಲ, ಗೊತ್ತು. ಕಿಟಕಿ ತನಕ ಹೋಗೋಕೂ ಶೂ ಬೇಕಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಮೂರು ಗಂಟೆ ಬಸ್ಸಿಗೆ ಹೊರಡ್ತೀನಿ. ಈ ಸಲ ಬೆಂಚ್ ಮೇಲೆ ಕೂರಲ್ಲ, ಸೀದಾ ಹತ್ತುತ್ತೀನಿ. ಓನರಮ್ಮ ತಾವೇ ಬಂದು ಹತ್ತಿಸ್ತಾರಂತೆ, ನನ್ ಮೇಲೆ ನಂಬಿಕೆ ಇಲ್ಲ ಅವರಿಗೆ.

ನಾನು ಬಂದಾಗ ಅಮ್ಮನಿಗೆ ಹೇಳು, ಒಳಗೆ ಕರ್ಕೊಂಡು ಬರಬೇಡ ಅಂತ. ಹೊರಗೇ ನಿಂತಿರ್ತೀನಿ. ನೀನು ಕೋಲು ಹಿಡ್ಕೊಂಡು ಬಾಗಿಲ ತನಕ ಬಾ. ಕಾಲು ಅಂಟಿಕೊಂಡ್ರೆ ಅಂಟಿಕೊಳ್ಳಲಿ. ಆ ಕಡೆಯಿಂದ ನಾನು ಎಣಿಸ್ತೀನಿ. ಎಡ, ಬಲ. ಎಷ್ಟು ಹೊತ್ತಾದ್ರೂ ಎಣಿಸ್ತೀನಿ.

ಜೋರಾಗೇ ಎಣಿಸ್ತೀನಿ. ದನಿ ನಿನ್ದೇ ಬಂದಿದೆ ನಂಗೆ.

ಚೂಟಿ